ಹಿಡಿದೋ, ಬಿಟ್ಟೋ

ನಾನು ತಾರೀಖು ಎಣಿಸುವ ಒಂದು ಪ್ರೋಗ್ರಾಂ. ಕಂಪ್ಯೂಟರ್ ಅಲ್ಲ, ಅದರ ಹೊಟ್ಟೆಯೊಳಗೆ ಕೂತು ಲೆಕ್ಕ ಮಾಡುವವನು. ನನಗೆ ಮೈಯಿಲ್ಲ, ಕೈಕಾಲಿಲ್ಲ. ಪೂರ್ತಿ ಬಿಡಿಸಿ ಬರೆದರೂ ಎರಡು ಹಾಳೆ ತುಂಬುವುದು ಕಷ್ಟ. ಇಷ್ಟು ಸಣ್ಣವನಿಗೆ ಇಷ್ಟು ಜಂಬ ಯಾಕೆ ಎಂದು ನೀವು ಕೇಳಬಹುದು. ಕಥೆ ಪೂರ್ತಿ ಕೇಳಿ, ಆಮೇಲೆ ಬೇಕಾದರೆ ನನ್ನ ಜಂಬ ಇಳಿಸಿ.

ನಾನು ಹುಟ್ಟಿದ್ದು ಬನ್ನಿಗೇರಿ ಎಂಬ ಪಟ್ಟಣದಲ್ಲಿ, ಸೈಕಲ್ ಅಂಗಡಿಯೊಂದರ ಮಾಳಿಗೆಯ ಮೇಲೆ. ಅಲ್ಲಿ ವಿರೂಪಾಕ್ಷ ಹಡಪದ ಮಾಸ್ತರು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರು. ಇದ್ದದ್ದು ಮೂರು ಕಂಪ್ಯೂಟರು, ಅದರಲ್ಲೊಂದು ಸದಾ ರಿಪೇರಿಗೆ ಬಿಚ್ಚಿಟ್ಟದ್ದು. ಒಂದು ದಿನ ಶಮೀಮ್ ನದಾಫ ಎಂಬ ವಿದ್ಯಾರ್ಥಿನಿ ಎದ್ದು ನಿಂತು, ತಾನು ಹುಟ್ಟಿದ್ದು ಯಾವ ವಾರ ಎಂದು ಈ ಯಂತ್ರ ಹೇಳುತ್ತದೆಯೇ ಎಂದು ಕೇಳಿದಳು. ಮಾಸ್ತರಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಮನಸ್ಸೂ ಬರಲಿಲ್ಲ. ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡರು. ಆ ನಾಳೆಯ ಹೊತ್ತಿಗೆ ನಾನು ಹುಟ್ಟಿದ್ದೆ.

ಹುಟ್ಟಿದಾಗ ನಾನು ಶುದ್ಧ ಪೆದ್ದ. ಎಲ್ಲ ತಿಂಗಳಿಗೂ ಮೂವತ್ತು ದಿನ ಎಂದೇ ತಿಳಿದಿದ್ದೆ. ಮಾಸ್ತರು ಎಡಗೈ ಮುಷ್ಟಿ ಕಟ್ಟಿ, ಗೆಣ್ಣು ಗೆಣ್ಣು ಮುಟ್ಟುತ್ತಾ, ಉಬ್ಬಿದ ಕಡೆ ಮೂವತ್ತೊಂದು, ತಗ್ಗಿನಲ್ಲಿ ಮೂವತ್ತು ಎಂದು ಗೊಣಗಿಕೊಂಡು ಒಂದೊಂದನ್ನೇ ನನ್ನ ತಲೆಗೆ ತುಂಬಿದರು. ಫೆಬ್ರುವರಿಗೆ ಬಂದಾಗ ಮಾತ್ರ ನಮ್ಮಿಬ್ಬರಿಗೂ ಸಾಕುಸಾಕಾಯಿತು. ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಹೆಚ್ಚು. ಆದರೆ ನೂರರಿಂದ ಭಾಗವಾಗುವ ವರ್ಷಕ್ಕೆ ಅದೂ ಇಲ್ಲ. ಆದರೆ ನಾನೂರರಿಂದ ಭಾಗವಾದರೆ ಮತ್ತೆ ಉಂಟು. ಇಷ್ಟೊಂದು 'ಆದರೆ' ಇರುವ ತಿಂಗಳನ್ನು ಯಾರು ತಾನೇ ಪ್ರೀತಿಸಿಯಾರು? ಫೆಬ್ರುವರಿ ಇಂದಿಗೂ ನನ್ನ ಜನ್ಮದ ವೈರಿ.

ನನ್ನ ಗುಟ್ಟನ್ನೂ ಹೇಳಿಬಿಡುತ್ತೇನೆ. ನಿಮ್ಮ ತಿಂಗಳು, ವರ್ಷ ಯಾವುದೂ ನನಗೆ ನಿಜವಾಗಿ ಗೊತ್ತಿಲ್ಲ. ನನಗೆ ಗೊತ್ತಿರುವುದು ಒಂದೇ ಉದ್ದನೆಯ ರಸ್ತೆ, ಅದರ ಪಕ್ಕದಲ್ಲಿ ದಿನಕ್ಕೊಂದರಂತೆ ನೆಟ್ಟ ಮೈಲಿಗಲ್ಲು. ಸಾವಿರದ ಒಂಬೈನೂರನೇ ಇಸವಿಯ ಜನವರಿ ಒಂದು, ಸೋಮವಾರ, ನನಗೆ ಮೊದಲನೇ ಕಲ್ಲು. ನೀವು ತಾರೀಖು ಕೊಟ್ಟರೆ ಅದು ಎಷ್ಟನೇ ಕಲ್ಲು ಎಂದು ನೋಡುತ್ತೇನೆ. ಇಷ್ಟು ದಿನ ಕೂಡಿಸು ಎಂದರೆ ಅಷ್ಟು ಕಲ್ಲು ಮುಂದೆ ನಡೆದು, ಅಲ್ಲಿ ನಿಂತು, ಮತ್ತೆ ನಿಮ್ಮ ಭಾಷೆಗೆ ತಿರುಗಿಸಿ ಹೇಳುತ್ತೇನೆ. ಕಲ್ಲಿನ ಸಂಖ್ಯೆಯನ್ನು ಏಳರಿಂದ ಭಾಗಿಸಿ ಏನೂ ಉಳಿಯದಿದ್ದರೆ ಅದು ರವಿವಾರ. ಇಷ್ಟೇ ನನ್ನ ವಿದ್ಯೆ.

ಮರುದಿನ ಮಾಸ್ತರು ಶಮೀಮಳ ಹುಟ್ಟಿದ ತಾರೀಖು ಒತ್ತಿದರು. ಬುಧವಾರ ಎಂದೆ. ಅವಳು ಮನೆಗೆ ಹೋಗಿ ಅಮ್ಮನನ್ನು ಕೇಳಿಕೊಂಡು ಬಂದಳು, ಬುಧವಾರವೇ ಆಗಿತ್ತು. ಆ ಹುಡುಗಿ ನನ್ನನ್ನು ನೋಡಿದ ನೋಟವನ್ನು ನಾನು ಮರೆತಿಲ್ಲ. ಕೋರ್ಸು ಮುಗಿಸಿ ಹೋಗುವಾಗ ಮಾಸ್ತರನ್ನು ಕೇಳಿ ನನ್ನನ್ನು ಒಂದು ಫ್ಲಾಪಿಯಲ್ಲಿ ಹಾಕಿಸಿಕೊಂಡಳು. ಹೀಗೆ ನಾನು ಕೈ ಬದಲಾಯಿಸಿದೆ. ಕೊಡುವಾಗ ಮಾಸ್ತರು ನನ್ನ ಒಂದು ಪ್ರತಿಯನ್ನು ತಮ್ಮಲ್ಲೂ ಉಳಿಸಿಕೊಂಡರು. ಎರಡು ಕಡೆ ಒಟ್ಟಿಗೆ ಬದುಕುವ ಭಾಗ್ಯ ನಮ್ಮ ಜಾತಿಗೆ ಮಾತ್ರ.

ಶಮೀಮಳಿಗೆ ಊರಿನ ಪುರಸಭೆಯಲ್ಲಿ ಗುತ್ತಿಗೆ ಕೆಲಸ ಸಿಕ್ಕಿತು. ಜನನ ಮರಣ ಪ್ರಮಾಣಪತ್ರದ ಟೇಬಲ್ಲು, ಪಕ್ಕದಲ್ಲಿ ಕಿಟಕಿ, ಕಿಟಕಿಯಾಚೆ ಒಂದು ಗುಡ್ಡ. ಮೊದಲು ನನಗೆ ಸಿಕ್ಕ ಕೆಲಸ ನೌಕರರ ವಯಸ್ಸು ಲೆಕ್ಕ ಹಾಕುವುದು. ಒಬ್ಬರಾದ ಮೇಲೊಬ್ಬರು ಬಂದರು. ಜೂನ್ ಒಂದು, ಜೂನ್ ಒಂದು, ಮತ್ತೆ ಜೂನ್ ಒಂದು. ಯಂತ್ರ ಕೆಟ್ಟಿದೆ ಎಂದೇ ನಾನು ಗಾಬರಿಯಾದೆ. ಆಮೇಲೆ ತಿಳಿಯಿತು: ಆ ಕಾಲದಲ್ಲಿ ಮಗುವನ್ನು ಶಾಲೆಗೆ ತಂದು ಬಿಟ್ಟಾಗ ಹುಟ್ಟಿದ ದಿನ ಯಾರಿಗೂ ನೆನಪಿರುತ್ತಿರಲಿಲ್ಲವಂತೆ. ಹೆಡ್ ಮಾಸ್ತರು ಶಾಲೆ ಶುರುವಾದ ಜೂನ್ ಒಂದನ್ನೇ ಬರೆದುಬಿಡುತ್ತಿದ್ದರಂತೆ. ಅರ್ಧ ಆಫೀಸು ಒಂದೇ ದಿನ ಹುಟ್ಟಿತ್ತು. ಮನುಷ್ಯರು ತಾರೀಖನ್ನು ಎಷ್ಟು ಧಾರಾಳವಾಗಿ ಬಳಸುತ್ತಾರೆ ಎಂದು ನನಗೆ ಮೊದಲ ಸಲ ಗೊತ್ತಾದದ್ದು ಆಗ.

ಎರಡು ಸಾವಿರದ ಇಸವಿ ಬಂತು. ಫೆಬ್ರುವರಿ ಇಪ್ಪತ್ತೊಂಬತ್ತರಂದು ಊರಿನ ಆಸ್ಪತ್ರೆಯಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಪ್ರಮಾಣಪತ್ರ ಬರೆಯಲು ಬೇರೊಂದು ಪ್ರೋಗ್ರಾಂ ಇತ್ತು, ನನಗಿಂತ ದೊಡ್ಡದು, ಬಣ್ಣ ಬಣ್ಣದ್ದು. ಅಂಥ ತಾರೀಖೇ ಇಲ್ಲ ಎಂದು ಅದು ಹಟ ಹಿಡಿಯಿತು. ಅದಕ್ಕೆ ನೂರರ 'ಆದರೆ' ಗೊತ್ತಿತ್ತು, ನಾನೂರರದು ಗೊತ್ತಿರಲಿಲ್ಲ. ಮಾರ್ಚ್ ಒಂದು ಎಂದು ಬರೆದುಬಿಡಿ ಎಂದು ಪಕ್ಕದವರು ಸಲಹೆ ಕೊಟ್ಟರು. ಶಮೀಮ್ ಒಪ್ಪಲಿಲ್ಲ, ನನ್ನನ್ನು ಕೇಳಿದಳು. ಉಂಟು, ಮಂಗಳವಾರ ಎಂದೆ. ಅವಳು ಕೈಯಿಂದಲೇ ಪ್ರಮಾಣಪತ್ರ ಬರೆದು, ಮುಖ್ಯಾಧಿಕಾರಿಯ ಸಹಿ ಹಾಕಿಸಿ ಕೊಟ್ಟಳು. ಇಲ್ಲದ ದಿನ ಹುಟ್ಟಬೇಕಾಗಿದ್ದ ಮಗುವಿಗೆ ಒಂದು ದಿನ ಸಿಕ್ಕಿತು. ನನಗೆ ಆ ವಾರವೆಲ್ಲ ಕಾಲು ನೆಲದ ಮೇಲೆ ಇರಲಿಲ್ಲ, ಕಾಲು ಇಲ್ಲದಿದ್ದರೂ.

ಆದರೆ ನನ್ನ ನಿಜವಾದ ಪರೀಕ್ಷೆ ಬಂದದ್ದು ನೀರಿನಿಂದ.

ಬನ್ನಿಗೇರಿಯಲ್ಲಿ ನಳ ತಿರುವಿದರೆ ಗಾಳಿ ಬರುತ್ತಿತ್ತು. ನೀರು ಬರುವುದು ಪಾಳಿಯ ಮೇಲೆ, ಒಂದೊಂದು ದಿನ ಒಂದೊಂದು ಓಣಿಗೆ. ಪಾಳಿ ಯಾವಾಗ ಎಂದು ಮಾತ್ರ ಯಾರಿಗೂ ಗೊತ್ತಿರುತ್ತಿರಲಿಲ್ಲ. ಗೊತ್ತಿರುತ್ತಿದ್ದದ್ದು ಪೇಟೆ ಓಣಿಯ ಸದಸ್ಯರಾದ ಶಿವಯೋಗೆಪ್ಪ ಗಡಾದ ಅವರಿಗೆ. ನೀರು ಬಿಡುವ ಯಮನೂರಪ್ಪ ಬೆಳಿಗ್ಗೆ ಎದ್ದು ಮೊದಲು ಅವರ ಮನೆಗೆ ಹೋಗಿ ಇವತ್ತು ಯಾರಿಗೆ ಎಂದು ಕೇಳಿಕೊಂಡು ಬರಬೇಕು. ನೀರು ಬೇಕಾದವರೂ ಅವರ ಕಟ್ಟೆಯ ಮೇಲೆ ಕೂತು ಕಾಯಬೇಕು. ಗಡಾದರು ಕೆಟ್ಟವರಲ್ಲ, ಬಂದವರಿಗೆ ಚಹಾ ಕೊಡುತ್ತಿದ್ದರು. ಆದರೆ ತಾರೀಖು ಇಲ್ಲದ ಊರಿನಲ್ಲಿ ಅವರೇ ತಾರೀಖಾಗಿದ್ದರು. ಆ ರುಚಿ ಬಿಡುವುದು ಯಾರಿಗಾದರೂ ಕಷ್ಟ.

ಎಲ್ಲರಿಗಿಂತ ಹೆಚ್ಚು ಒಣಗುತ್ತಿದ್ದದ್ದು ಗುಡ್ಡದ ಓಣಿ. ಅಲ್ಲಿನ ಹೆಂಗಸರು ಹೆಚ್ಚಿನವರು ನೂಲಿನ ಗಿರಣಿಗೆ ಹೋಗುವವರು. ಅವರಿಗೆ ರಜೆ ರವಿವಾರ ಒಂದೇ ದಿನ. ಅವರು ದುಡಿಯಲು ಹೋದ ದಿನವೇ ನೀರು ಬಂದು, ಬೀಗ ಹಾಕಿದ ಬಾಗಿಲ ಮುಂದೆ ಹರಿದು ಹೋಗುತ್ತಿತ್ತು. ಶಮೀಮಳ ಮನೆ ಇದ್ದದ್ದೂ ಅದೇ ಓಣಿಯಲ್ಲಿ.

ಹೊಸದಾಗಿ ಬಂದ ಮುಖ್ಯಾಧಿಕಾರಿ ಇದನ್ನು ನೋಡಿ, ವರ್ಷವಿಡೀ ಯಾವ ಓಣಿಗೆ ಯಾವ ದಿನ ಎಂದು ಮೊದಲೇ ಪಟ್ಟಿ ಮಾಡಿ ಓಣಿ ಓಣಿಗೆ ಅಂಟಿಸಬೇಕು ಎಂದರು. ಕೆಲಸ ಶಮೀಮಳ ಪಾಲಿಗೆ ಬಂತು, ಅಂದರೆ ನನ್ನ ಪಾಲಿಗೆ. ಓಣಿಗಳು ಏಳು. ಗುಡ್ಡದ ಓಣಿಗೆ ರವಿವಾರ ಕೊಡಬೇಕು ಎಂದು ಅವಳು ಪಟ್ಟು ಹಿಡಿದು ಒಪ್ಪಿಸಿದಳು. ಎಷ್ಟು ದಿನಕ್ಕೊಮ್ಮೆ ಬಿಡುವುದು ಎಂದು ಯಮನೂರಪ್ಪನನ್ನು ಕೇಳಿದಾಗ, ಎಂಟು ದಿನಕ್ಕೊಮ್ಮೆ ಎಂದ. ಮುಖ್ಯಾಧಿಕಾರಿಯೂ ಎಂಟು ದಿನಕ್ಕೊಮ್ಮೆ ಎಂದರು. ಗಡಾದರೂ ಅದನ್ನೇ ಅಂದರು. ಶಮೀಮ್ ನನಗೆ ಎಂಟು ಎಂದು ಒತ್ತಿದಳು. ನಾನು ಎಂಟೆಂಟು ಕಲ್ಲು ನಡೆಯುತ್ತಾ ವರ್ಷದ ಕೊನೆಯವರೆಗೆ ಪಟ್ಟಿ ಬರೆದುಕೊಟ್ಟೆ. ಇಷ್ಟು ದೊಡ್ಡ ಕೆಲಸ ಅದುವರೆಗೆ ಯಾರೂ ನನಗೆ ವಹಿಸಿರಲಿಲ್ಲ. ಹಿಗ್ಗಿ ಹೀರೇಕಾಯಿಯಾದೆ.

ಮೊದಲ ರವಿವಾರ ಗುಡ್ಡದ ಓಣಿಗೆ ಹೇಳಿದ ದಿನ ನೀರು ಬಂತು. ಓಣಿಯವರು ನಂಬಲಿಲ್ಲ, ಆದರೂ ತುಂಬಿಕೊಂಡರು. ಎರಡನೇ ರವಿವಾರ ಅವರು ಕೊಡ, ಬಕೆಟ್ಟು, ಹಂಡೆ ಎಲ್ಲ ಸಾಲಾಗಿಟ್ಟು ಕಾದರು. ಯಾರಿಗೂ ಪಟ್ಟಿ ಓದುವ ಅಗತ್ಯ ಕಂಡಿರಲಿಲ್ಲ. ಎಂಟು ದಿನಕ್ಕೊಮ್ಮೆ ಎಂದಮೇಲೆ ರವಿವಾರವೇ ತಾನೆ? ಸಂಜೆಯವರೆಗೂ ಹನಿ ಬರಲಿಲ್ಲ. ಆ ದಿನ ಊರಿನಲ್ಲಿ ಯಾರಿಗೂ ಪಾಳಿ ಇರಲಿಲ್ಲ. ಮರುದಿನ ಸೋಮವಾರ, ಎಲ್ಲರೂ ಗಿರಣಿಯಲ್ಲಿದ್ದಾಗ, ಪಟ್ಟಿಯಲ್ಲಿ ಇದ್ದಂತೆ ಯಮನೂರಪ್ಪ ವಾಲ್ವ್ ತಿರುವಿದ. ನೀರು ಗುಡ್ಡ ಇಳಿದು ಗಟಾರ ಸೇರಿತು. ಮಂಗಳವಾರ ಬರಬೇಕಾದವರಿಗೆ ಬುಧವಾರ, ಬುಧವಾರದವರಿಗೆ ಗುರುವಾರ. ಇಡೀ ಊರು ಒಂದು ದಿನ ಜಾರಿತು.

ಪುರಸಭೆಯ ಮುಂದೆ ಖಾಲಿ ಕೊಡಗಳ ಸದ್ದು. ಕಂಪ್ಯೂಟರು ಹಾಳು ಮಾಡಿತು ಎಂದರು. ಶುಕ್ರವಾರ ಸಭೆ ಕರೆಯಲು ಗಡಾದರು ಓಡಾಡಿದರು. ಪಟ್ಟಿ ರದ್ದು, ನೀರಿನ ವಿಷಯ ಹಿಂದಿನಂತೆ ಸದಸ್ಯರ ಕೈಗೆ, ಇದು ಅವರ ಠರಾವು. ಠರಾವು ಪಾಸಾದರೆ ಗುಡ್ಡದ ಓಣಿಗೆ ರವಿವಾರದ ನೀರು ಇನ್ನು ಕನಸಿನ ಮಾತು. ಶಮೀಮಳ ಗುತ್ತಿಗೆಯೂ ಅಲ್ಲಿಗೆ ಮುಗಿದಂತೆಯೇ. ತನ್ನ ಓಣಿಯ ಹೆಂಗಸರಿಗೆ ಮುಖ ತೋರಿಸಲಾಗದೆ ಅವಳು ಬಳಸುದಾರಿಯಲ್ಲಿ ಆಫೀಸಿಗೆ ಬರುತ್ತಿದ್ದಳು. ನನ್ನನ್ನು ಮತ್ತೆ ಮತ್ತೆ ಪರೀಕ್ಷಿಸಿದಳು. ರವಿವಾರಕ್ಕೆ ಎಂಟು ಕೂಡಿಸು ಎಂದಳು, ಸೋಮವಾರ ಎಂದೆ. ಇನ್ನೇನು ಹೇಳಲಿ? ಅವಳ ಕಣ್ಣು ತುಂಬಿದ್ದು ನೋಡಿ, ಒಂದು ಸಲ ಸುಳ್ಳು ಹೇಳಿಬಿಡೋಣವೇ ಅನ್ನಿಸಿತು. ನನಗೆ ಸುಳ್ಳು ಹೇಳಲು ಬರುವುದಿಲ್ಲ.

ಗುರುವಾರ ಮಧ್ಯಾಹ್ನ ಟೇಬಲ್ಲಿನ ಫೋನು ಬಡಿದುಕೊಂಡಿತು. ಕಸ್ತೂರಿ ಎಂಬ ಅವಳ ಗೆಳತಿ, ಗುರುವಾರ ಗುರುವಾರ ಅವಳಿಗೆ ಕಸೂತಿ ಕಲಿಸುವವಳು. ಶಮೀಮ್ ಬೇಸರದಿಂದಲೇ ಮಾತಾಡಿದಳು.

"ಇವತ್ತ ಬರಾಕ ಆಗೂದಿಲ್ಲವಾ ಕಸ್ತೂರಿ. ಎಂಟು ದಿನಕ್ಕ ಬರ್ತೀನಿ. ಹೂಂ, ಗುರುವಾರನ..."

ಮಾತು ಅಲ್ಲಿಗೇ ನಿಂತಿತು. ಆ ಕಡೆಯಿಂದ ಕಸ್ತೂರಿ ಹಲೋ ಹಲೋ ಎನ್ನುತ್ತಲೇ ಇದ್ದಳು. ಶಮೀಮ್ ಫೋನು ಕಿವಿಗೆ ಹಿಡಿದುಕೊಂಡೇ ಇನ್ನೊಂದು ಕೈಯ ಬೆರಳು ಮಡಚುತ್ತಾ ಎಣಿಸಿದಳು: ಗುರುವಾರ, ಶುಕ್ರವಾರ, ಶನಿವಾರ... ಇವತ್ತಿನ ಗುರುವಾರವನ್ನೂ ಹಿಡಿದು, ಮುಂದಿನ ಗುರುವಾರವನ್ನೂ ಹಿಡಿದರೆ ಎಂಟು. ಕನ್ನಡದ ಬಾಯಿಗೆಲ್ಲ ಎಂಟು ದಿನ ಎಂದರೆ ಒಂದು ವಾರ, ಹದಿನೈದು ದಿನ ಎಂದರೆ ಎರಡು ವಾರ. ಹೊರಡುವ ದಿನವನ್ನೂ ಅವರು ಎಣಿಸುತ್ತಾರೆ. ನಾನು ನಿಂತ ಕಲ್ಲನ್ನು ಬಿಟ್ಟು ಮುಂದಿನದರಿಂದ ಎಣಿಸುವವನು. ಇಬ್ಬರೂ ಸರಿಯಾಗಿಯೇ ಎಣಿಸಿದ್ದೆವು, ನಡುವೆ ಒಂದು ದಿನ ಬಿದ್ದುಹೋಗಿತ್ತು.

ಎಂಟನ್ನು ಅಳಿಸಿ ಏಳು ಮಾಡಿದ್ದರೆ ಸಾಕಾಗಿತ್ತು. ಶಮೀಮ್ ಹಾಗೆ ಮಾಡಲಿಲ್ಲ. ನಾಳೆ ಇನ್ನೊಬ್ಬರು ಬಂದು ಹದಿನೈದು ಎಂದರೆ ಮತ್ತೆ ಇದೇ ರಗಳೆ. ಅವಳು ನನ್ನನ್ನು ಬಿಚ್ಚಿ, ನನ್ನೊಳಗೆ ಒಂದು ಪ್ರಶ್ನೆಯನ್ನೇ ಇಟ್ಟಳು. ಅಂದಿನಿಂದ ಯಾರಾದರೂ ಇಷ್ಟು ದಿನಕ್ಕೊಮ್ಮೆ ಎಂದರೆ ನಾನು ತಲೆಯಾಡಿಸುವ ಮೊದಲು ಕೇಳುತ್ತೇನೆ: ಇವತ್ತು ಹಿಡಿದೋ, ಬಿಟ್ಟೋ? ಅದುವರೆಗೆ ಕೇಳಿದ್ದಕ್ಕೆ ಉತ್ತರ ಕೊಡುವುದಷ್ಟೇ ನನ್ನ ಹಣೆಬರಹವಾಗಿತ್ತು. ಎದುರು ಪ್ರಶ್ನೆ ಕೇಳುವ ಅಧಿಕಾರ ಬಂದದ್ದು ಆ ಮಧ್ಯಾಹ್ನ. ನಾನು ದೊಡ್ಡವನಾದದ್ದೂ ಆಗಲೇ ಎಂದು ನನ್ನ ತಿಳುವಳಿಕೆ.

ಶುಕ್ರವಾರ ಸಭೆಗೆ ಕಂಪ್ಯೂಟರನ್ನೇ ತರಬೇಕು ಎಂದು ಗಡಾದರು ಹುಕುಂ ಮಾಡಿದರು. ಆರೋಪಿಯನ್ನು ಕಟಕಟೆಗೆ ತರುವ ಹಾಗೆ ಇಬ್ಬರು ಜವಾನರು ನಮ್ಮನ್ನು ಹೊತ್ತು ತಂದು, ಚಹಾದ ಕಪ್ಪುಗಳನ್ನು ಸರಿಸಿ ಮೇಜಿನ ಮೇಲಿಟ್ಟರು. ಸದಸ್ಯರೆಲ್ಲ ಸುತ್ತ ಕೂತಿದ್ದರು. ಬಾಗಿಲಲ್ಲಿ ಗುಡ್ಡದ ಓಣಿಯ ಹೆಂಗಸರು ನಿಂತಿದ್ದರು, ಗಿರಣಿಗೆ ಅರ್ಧ ದಿನ ರಜೆ ಹಾಕಿ. ಗಡಾದರು ಎದ್ದು ಊರಿನ ಕಷ್ಟವನ್ನೆಲ್ಲ ಬಣ್ಣಿಸಿ ಕೊನೆಗೆ ಶಮೀಮಳ ಕಡೆ ತಿರುಗಿದರು.

"ಯವ್ವಾ, ನಿನ್ನ ಪೆಟಗಿಗೆ ಎಂಟು ದಿನ ಎಣಸಾಕ ಬರೂದಿಲ್ಲ. ಇದನ್ನ ನಂಬಿ ಊರಿಗೆ ನೀರು ಕುಡಸೂದೇನ?"

ಶಮೀಮ್ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಸಾಹೇಬ್ರ, ಈ ವಿಷಯ ಇವತ್ತ ಮುಗೀಲಿಲ್ಲ ಅಂದ್ರ ಮತ್ತ ಸಭಾ ಯಾವಾಗ ಕರೀತೀರಿ?"

"ಎಂಟು ದಿನಕ್ಕ ಕರ್ಯೂಣು."

"ಅಂದ್ರ ಯಾವ ವಾರರಿ?"

"ಇವತ್ತ ಶುಕ್ರವಾರ. ಎಂಟು ದಿನಕ್ಕ ಅಂದ್ರ ಶುಕ್ರವಾರನ. ಇದೊಂದು ಕೇಳೂ ಮಾತೇನ?"

ಶಮೀಮ್ ಎಂಟು ಎಂದು ಒತ್ತಿದಳು. ನಾನು ಕೇಳಿದೆ: ಇವತ್ತು ಹಿಡಿದೋ, ಬಿಟ್ಟೋ? ಅವಳು ಮೊದಲು ಬಿಟ್ಟು ಎಂದಳು, ಶನಿವಾರ ಎಂದೆ. ಆಮೇಲೆ ಹಿಡಿದು ಎಂದಳು, ಶುಕ್ರವಾರ ಎಂದೆ. ಮುಖ್ಯಾಧಿಕಾರಿ ಬಗ್ಗಿ ಪರದೆ ನೋಡಿ ಎರಡನ್ನೂ ಗಟ್ಟಿಯಾಗಿ ಓದಿದರು. ಒಬ್ಬೊಬ್ಬ ಸದಸ್ಯರೂ ಮೇಜಿನ ಅಂಚಿನಲ್ಲಿ ಗುಟ್ಟಾಗಿ ಬೆರಳು ಮಡಚುತ್ತಿದ್ದರು. ನಾನಿದ್ದ ಎತ್ತರದಿಂದ ಅದು ಚೆನ್ನಾಗಿ ಕಾಣುತ್ತಿತ್ತು.

"ತಪ್ಪು ಪೆಟಗೀದಲ್ರಿ," ಎಂದಳು ಶಮೀಮ್. "ನಾನೂ, ನೀವೂ, ಈ ಊರಾಗ ಎಲ್ಲಾರೂ ಎಂಟು ಅಂತೀವಿ, ಏಳು ದಿನಕ್ಕ ಹೋಗ್ತೀವಿ. ಈಗ ಅದಕ್ಕೂ ಕನ್ನಡ ಕಲಿಸೀನಿ."

ಮೊದಲು ನಕ್ಕದ್ದು ಬಾಗಿಲಲ್ಲಿದ್ದ ಹೆಂಗಸರು. ಆಮೇಲೆ ಯಮನೂರಪ್ಪ, ಆಮೇಲೆ ಸದಸ್ಯರು. ಕೊನೆಗೆ ಗಡಾದರಿಗೂ ನಗು ತಡೆಯಲಾಗಲಿಲ್ಲ. ತಮ್ಮ ಬಾಯಿಂದಲೇ ಬಂದ ಶುಕ್ರವಾರವನ್ನು ಅವರು ಹೇಗೆ ನುಂಗುವುದು? ಠರಾವು ಬಿದ್ದುಹೋಯಿತು. ಹೊಸ ಪಟ್ಟಿಗೆ ಅಲ್ಲೇ ಸಹಿ ಬಿತ್ತು. ಪಾಳಿಯಿಲ್ಲದ ರವಿವಾರದ ನೀರು ಟ್ಯಾಂಕಿನಲ್ಲಿ ಹಾಗೇ ಉಳಿದಿತ್ತು. ಶನಿವಾರ ಅದನ್ನೂ ಸೇರಿಸಿ ಎರಡು ಓಣಿಗೆ ಬಿಟ್ಟು ಜಾರಿದ ದಿನವನ್ನು ಸರಿದೂಗಿಸಿದರು. ನಮ್ಮನ್ನು ವಾಪಸು ಹೊರುವಾಗ ಅದೇ ಜವಾನರು ಬಾಗಿಲ ಚೌಕಟ್ಟಿಗೆ ತಾಗದಂತೆ ಹುಷಾರಾಗಿ ಹೊತ್ತರು.

ರವಿವಾರ ಆಫೀಸಿಗೆ ರಜೆ. ನನಗೆ ಏನೂ ತಿಳಿಯುವಂತಿರಲಿಲ್ಲ. ಜೀವವಿದ್ದಿದ್ದರೆ ಬಾಯಿಗೆ ಬರುತ್ತಿತ್ತು. ಸೋಮವಾರ ಬೆಳಿಗ್ಗೆ ಶಮೀಮ್ ನೇರ ದಾರಿಯಲ್ಲೇ ಬಂದಳು. ಬಂದವಳು ಕಿಟಕಿ ಪೂರ್ತಿ ತೆರೆದಳು. ಗುಡ್ಡದ ತುಂಬ ಕೌದಿ ಒಣ ಹಾಕಿದ್ದರು. ಕೆಂಪು, ಹಳದಿ, ನೀಲಿ, ತುಂಡು ತುಂಡು ಬಟ್ಟೆ ಸೇರಿಸಿ ಹೊಲಿದ ಕೌದಿಗಳು, ಪ್ರತಿ ಬಂಡೆಯ ಮೇಲೆ, ಪ್ರತಿ ಗೋಡೆಯ ಮೇಲೆ. ಕೌದಿ ಒಗೆಯಲು ಎಷ್ಟು ನೀರು ಬೇಕೆಂದು ಒಗೆದವರಿಗೇ ಗೊತ್ತು. ಕುಡಿದು, ತುಂಬಿಟ್ಟು, ಮಿಂದು, ಇನ್ನೂ ಮಿಕ್ಕಿತ್ತು. ವರ್ಷಗಟ್ಟಲೆ ನೀರು ಕಾಣದ ಕೌದಿಗಳನ್ನು ಆ ಹೆಂಗಸರು ಒಂದೇ ರವಿವಾರ ಹೊರಗೆ ಎಳೆದಿದ್ದರು. ನಾನು ಎಷ್ಟೋ ತಾರೀಖುಗಳನ್ನು ಹೇಳಿದ್ದೇನೆ. ತಾರೀಖೊಂದು ಗುಡ್ಡದ ಮೇಲೆ ಬಿಸಿಲಿಗೆ ಹರವಿಕೊಂಡದ್ದನ್ನು ನೋಡಿದ್ದು ಅದೇ ಮೊದಲು. ಸಂತೋಷವಾಯಿತು, ಬಹಳ ಸಂತೋಷವಾಯಿತು.

ಆಮೇಲೆ ನನ್ನ ಹೆಸರು ಹಬ್ಬಿತು. ಪಕ್ಕದ ಊರಿನ ಪುರಸಭೆಗಳು ಫ್ಲಾಪಿ ಕಳಿಸಿ ನನ್ನನ್ನು ಕರೆಸಿಕೊಂಡವು. ಅಂಗನವಾಡಿಯ ತತ್ತಿ ಹಂಚಿಕೆಗೆ, ವಾರದ ಸಂತೆಗೆ, ಆಸ್ಪತ್ರೆಯಲ್ಲಿ ಹದಿನೈದು ದಿನಕ್ಕೊಮ್ಮೆ ಬರುವ ಕಣ್ಣಿನ ಡಾಕ್ಟರ ತಾರೀಖಿಗೆ, ಎಲ್ಲೆಲ್ಲೋ ಕೂತೆ. ಹೋದಲ್ಲೆಲ್ಲ ಅದೇ ಪ್ರಶ್ನೆ ಕೇಳಿದೆ. ಕೆಲವರಿಗೆ ರೇಗಿತು, ಹೆಚ್ಚಿನವರು ನಕ್ಕರು. ಒಂದೇ ಒಂದು ತಾರೀಖು ಮಾತ್ರ ನನ್ನ ಕೈಗೆ ಸಿಗಲಿಲ್ಲ. ಈದ್ ಯಾವಾಗ ಎಂದು ಶಮೀಮ್ ಒಮ್ಮೆ ತಮಾಷೆಗೆ ಕೇಳಿದ್ದಳು. ಅದಕ್ಕೆ ಚಂದ್ರ ಕಾಣಬೇಕಂತೆ. ಮಾಳಿಗೆ ಹತ್ತಿ ನೋಡುವುದು ನನ್ನಿಂದಾಗದ ಕೆಲಸ, ಬಿಟ್ಟುಕೊಟ್ಟೆ.

ಕಾಲ ಸರಿಯಿತು. ದೊಡ್ಡ ನಗರದಿಂದ ದೊಡ್ಡ ಸಾಫ್ಟ್‌ವೇರುಗಳು ಬಂದವು, ತೆಳ್ಳನೆಯ ಪರದೆಗಳು ಬಂದವು. ನನ್ನ ಹಳೆಯ ಯಂತ್ರವನ್ನು ದಾಖಲೆ ಕೋಣೆಯ ಮೂಲೆಯಲ್ಲಿ ಮುರಿದ ಕುರ್ಚಿಗಳ ಜೊತೆ ಇಟ್ಟರು. ನೀರಿನ ಪಟ್ಟಿಗೆ ಮಾತ್ರ ವರ್ಷಕ್ಕೊಮ್ಮೆ ಶಮೀಮ್ ಬಂದು ನನ್ನನ್ನು ಎಬ್ಬಿಸುತ್ತಿದ್ದಳು. ಅವಳ ಕೆಲಸ ಕಾಯಂ ಆಗಿತ್ತು, ತಲೆ ನರೆತಿತ್ತು. ಕೊನೆಗೆ ಅವಳೂ ಬರುವುದು ನಿಂತಿತು. ಯಾಕೆಂದು ಕೋಣೆಯ ಹೊರಗಿನ ಮಾತುಗಳಿಂದ ತಿಳಿಯಿತು. ನದಿಯಿಂದ ಹೊಸ ಪೈಪು ಹಾಕುತ್ತಿದ್ದರು. ಇಪ್ಪತ್ನಾಲ್ಕು ತಾಸೂ ನೀರು. ಪಾಳಿಯೇ ಇಲ್ಲದ ಊರಿಗೆ ಪಾಳಿಯ ಪಟ್ಟಿ ಯಾಕೆ?

ಹೊಸ ಪೈಪಿನಲ್ಲಿ ನೀರು ಬಂದ ಮೇಲೆ ಒಂದು ಬುಧವಾರ ಬಾಗಿಲು ತೆರೆಯಿತು. ಶಮೀಮ್ ಒಬ್ಬಳೇ ಬಂದು, ಧೂಳು ಒರೆಸಿ, ಗುಂಡಿ ಒತ್ತಿದಳು. ಮೂರನೇ ಸಲಕ್ಕೆ ಎಚ್ಚರವಾದೆ. ಒಳಗಿನ ಗಡಿಯಾರದ ಸೆಲ್ಲು ಸತ್ತು, ಯಂತ್ರ ತಾನಿನ್ನೂ ಸಾವಿರದ ಒಂಬೈನೂರ ಎಂಬತ್ತರಲ್ಲಿದ್ದೇನೆ ಎಂದುಕೊಂಡಿತ್ತು. ಅವಳು ನಕ್ಕು, ಅಂದಿನ ತಾರೀಖನ್ನು ಕೈಯಾರೆ ಒತ್ತಿದಳು. ಯಾವ ಓಣಿ ಎಂದು ಕೇಳಿದೆ. ಗುಡ್ಡದ ಓಣಿ ಎಂದಳು. ಎಷ್ಟು ದಿನಕ್ಕೊಮ್ಮೆ ಎಂದೆ. ಒಂದು ಎಂದಳು. ನನ್ನ ಜೀವಮಾನದಲ್ಲಿ ನೀರಿಗೆ ಆ ಸಂಖ್ಯೆಯನ್ನು ಯಾರೂ ಒತ್ತಿರಲಿಲ್ಲ. ಹಿಡಿದೋ, ಬಿಟ್ಟೋ? ಹಿಡಿದು, ಎಂದಳು.

ಹಿಡಿದು ಎಣಿಸಿದರೆ ಎಂಟಕ್ಕೆ ಏಳು ಕಲ್ಲು ನಡೆಯುವವನು ನಾನು. ಒಂದಕ್ಕೆ ಎಷ್ಟು ನಡೆಯಲಿ? ನಿಂತಲ್ಲೇ ನಿಂತೆ. ವರ್ಷದ ಕೊನೆ ಮುಟ್ಟುವವರೆಗೂ ಬರೆಯುತ್ತಾ ಹೋಗಬೇಕೆಂದು ನನಗೆ ಕಲಿಸಿದ್ದರು. ಆದರೆ ಹೆಜ್ಜೆಯೇ ಮುಂದೆ ಹೋಗದಿದ್ದರೆ ಕೊನೆ ಎಲ್ಲಿಂದ ಬರಬೇಕು? ಪರದೆಯ ಮೇಲೆ ಸಾಲಿನ ಕೆಳಗೆ ಸಾಲು, ಅದೇ ತಾರೀಖು ಮೂಡತೊಡಗಿತು. ಗುಡ್ಡದ ಓಣಿ, ಬುಧವಾರ. ಗುಡ್ಡದ ಓಣಿ, ಬುಧವಾರ. ಬಾಳೆಲ್ಲ ಮುಂದೆ, ಆಮೇಲೆ, ಎಂಟು ದಿನಕ್ಕೆ ಎಂದು ಜನರನ್ನು ಕಾಯಿಸಿದವನು ನಾನು, ಈಗ ಇವತ್ತು, ಇವತ್ತು, ಇವತ್ತು ಎನ್ನುತ್ತಿದ್ದೆ. ಪ್ರೋಗ್ರಾಂ ಬಲ್ಲವರು ಯಾರಾದರೂ ನೋಡಿದ್ದರೆ ಇದು ಕೆಟ್ಟು ಕೂತಿದೆ, ಆರಿಸಿ ಎನ್ನುತ್ತಿದ್ದರು. ಶಮೀಮ್ ಮುರಿದ ಕುರ್ಚಿಯೊಂದನ್ನು ಎಳೆದುಕೊಂಡು ಎದುರಿಗೆ ಕೂತಳು.

"ಬರೀಪಾ," ಎಂದಳು. "ಬರಕೋಂತ ಇರು."